ನಮ್ಮ ಮನೆಗಳ ಸೈನಿಕರು: ಹುಡುಕೋಣ, ಹೆಸರು ಹಿಡಿದು ಪ್ರಾರ್ಥಿಸೋಣ



ನವೆಂಬರ್ ತಿಂಗಳು ಬಂತೆಂದರೆ ನಮ್ಮ ದೇವಾಲಯದ ಬಾಗಿಲ ಬಳಿ ಒಂದು ಪೆಟ್ಟಿಗೆ ಇಡುತ್ತೇವೆ. ತೀರಿಹೋದ ಹಿರಿಯರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಎಲ್ಲರೂ ಅದರಲ್ಲಿ ಹಾಕುತ್ತಾರೆ. ಕನ್ನಡ, ಮರಾಠಿ, ತೆಲುಗು, ಎಲ್ಲ ಭಾಷೆಯ ಚೀಟಿಗಳೂ ಬರುತ್ತವೆ. ಅವನ್ನು ಓದಿ, ಪಟ್ಟಿ ಮಾಡಿ, ಮೃತ ವಿಶ್ವಾಸಿಗಳ ಬಲಿಪೂಜೆಗೆ ಸಿದ್ಧಪಡಿಸುವುದು ಯುವಜನರಾದ ನಮ್ಮ ಕೆಲಸ.

ಕಳೆದ ವರ್ಷ ಒಂದು ಚೀಟಿಯಲ್ಲಿ ‘ಫೌಜಿನ ಮುತ್ತ್ಯಾ’ ಎಂದಷ್ಟೇ ಇತ್ತು. ಬರೆಸಿದವರು ಸಾಸ್ತೂರು ಕಡೆಯ ಒಬ್ಬ ಆಯಿ. ಹೆಸರೇನು ಎಂದು ಕೇಳಿದೆವು. “ಗಂಡನ ಮನೆಯ ಹಿರಿಯರ ಹೆಸರು ನಾವು ಬಾಯಿಂದ ಹೇಳುತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಹೋದರು,” ಅಂದರು. ಅವರ ಗಂಡನ ಅಜ್ಜ ಫೌಜಿನಲ್ಲಿದ್ದರು, ಕಡಲು ದಾಟಿ ಹೋಗಿ ಬಂದರು, ದೊಡ್ಡ ರಿಸಾಲ್ದಾರರಾಗಿದ್ದರು ಎಂಬುದಷ್ಟೇ ಮನೆಯಲ್ಲಿ ಉಳಿದಿತ್ತು. ಹೆಸರು ಉಳಿದಿರಲಿಲ್ಲ.

ಆ ಚೀಟಿಯನ್ನು ಪಟ್ಟಿಗೆ ಹೇಗೆ ಸೇರಿಸುವುದೆಂದು ತಿಳಿಯದೆ ನಾವು ಸುಮ್ಮನೆ ಕುಳಿತೆವು. ಈ ವರ್ಷದ ನಮ್ಮ ಅಧ್ಯಯನ ಹುಟ್ಟಿದ್ದು ಅಲ್ಲಿಂದ. ನಾವು ಕಲಿತದ್ದನ್ನು, ತಪ್ಪಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ. ನಿಮ್ಮ ಮನೆಯಲ್ಲೂ ಒಬ್ಬ ‘ಫೌಜಿನ ಮುತ್ತ್ಯಾ’ ಇರಬಹುದು.

ದೇವರ ವಾಕ್ಯದಿಂದ

ನಮ್ಮ ಗುರುಗಳು ನಮ್ಮ ಕೈಗೆ ಮೊದಲು ಕೊಟ್ಟದ್ದು ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯ. ಯುದ್ಧ ಮುಗಿದ ಮೇಲೆ ಯೂದ ಮಕ್ಕಬಿಯನೂ ಅವನ ಜನರೂ ಸತ್ತ ಸಂಗಡಿಗರ ದೇಹಗಳನ್ನು ಎತ್ತಿತಂದು ಪಿತೃಗಳ ಸಮಾಧಿಗಳಲ್ಲಿ ಇಡಲು ಹೋಗುತ್ತಾರೆ. ಸತ್ತವರ ಅಂಗಿಯ ಒಳಗೆ ಅನ್ಯದೇವತೆಗಳ ತಾಯಿತಗಳು ಸಿಗುತ್ತವೆ. ನಮ್ಮವರೇ ಧರ್ಮಶಾಸ್ತ್ರ ಮೀರಿದ್ದಾರೆಂಬುದು ಎಲ್ಲರ ಎದುರು ಬಯಲಾಗುತ್ತದೆ.

ಆಗ ಯೂದನು ಮಾಡಿದ್ದನ್ನು ಗಮನಿಸಿ. ಸಿಕ್ಕದ್ದನ್ನು ಮುಚ್ಚಿಡಲಿಲ್ಲ. ‘ಇವರು ನಮ್ಮವರಲ್ಲ’ ಎಂದು ಕೈಬಿಡಲೂ ಇಲ್ಲ. ಎಲ್ಲರಿಂದ ಸುಮಾರು 2,000 ಬೆಳ್ಳಿ ನಾಣ್ಯ ಕೂಡಿಸಿ, ಸತ್ತವರ ಪಾಪಪರಿಹಾರಕ್ಕೆ ಬಲಿ ಅರ್ಪಿಸಲು ಜೆರುಸಲೇಮಿಗೆ ಕಳಿಸಿದನು. ಮೃತರಿಗಾಗಿ ಪ್ರಾರ್ಥಿಸುವ ನಮ್ಮ ಧರ್ಮಸಭೆಯ ರೂಢಿಗೆ ಆಧಾರವಾಗಿ ಈ ಭಾಗವನ್ನು ಓದುತ್ತೇವೆ. ಅಲ್ಲಿ ಪ್ರಾರ್ಥನೆ ಪಡೆದ ಮೃತರು ಸೈನಿಕರು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿರಲಿಲ್ಲ.

ಇದರಿಂದ ಮೂರು ಹೆಜ್ಜೆಗಳನ್ನು ತೆಗೆದುಕೊಂಡೆವು. ಹೋಗಿ ನೋಡಬೇಕು. ಸಿಕ್ಕದ್ದನ್ನು ಇದ್ದಂತೆ ಒಪ್ಪಬೇಕು. ಆಮೇಲೆ ಪ್ರಾರ್ಥಿಸಬೇಕು.

ನಮ್ಮ ಗಡಿಯಲ್ಲಿ ಹುಡುಕುವುದು ಯಾಕೆ ಕಷ್ಟ?

ಕಾಗದಪತ್ರ ಎಲ್ಲಿವೆ ಎಂದು ತಿಳಿಯಬೇಕಾದರೆ ನಮ್ಮ ಊರುಗಳು ಯಾವಾಗ ಯಾರ ಕೈಯಲ್ಲಿದ್ದವು ಎಂದು ತಿಳಿಯಬೇಕು. ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಎಲ್ಲವೂ 1948ರವರೆಗೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ನಿಲಂಗಾ, ಉದಗೀರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಹಾಗಾಗಿ ಉದಗೀರದ ಒಬ್ಬ ಸೈನಿಕನ ವಿಳಾಸ ಹಳೆಯ ದಾಖಲೆಯಲ್ಲಿ ‘ಬೀದರ ಜಿಲ್ಲೆ, ಹೈದರಾಬಾದ್ ದಖ್ಖನ್’ ಎಂದು ಇರುತ್ತದೆ. ಲಾತೂರು ಎಂದು ಹುಡುಕಿದರೆ ಸಿಗುವುದಿಲ್ಲ.

ಎರಡನೆಯ ತೊಡಕು ‘ನಿಜಾಮನ ಫೌಜು’ ಎಂಬ ಮಾತು. ಮನೆಗಳಲ್ಲಿ ಒಂದೇ ಹೆಸರು, ಆದರೆ ಪಡೆಗಳು ಎರಡು. ಒಂದು ಹೈದರಾಬಾದ್ ಕಂಟಿಂಜೆಂಟ್. ಖರ್ಚು ನಿಜಾಮರದು, ಅಧಿಕಾರ ಬ್ರಿಟಿಷರದು. ನಮ್ಮ ಹತ್ತಿರದ ಮೋಮಿನಾಬಾದ್, ಅಂದರೆ ಈಗಿನ ಅಂಬಾಜೋಗಾಯಿ, ಮತ್ತು ಹಿಂಗೋಲಿಯಲ್ಲಿ ಅದರ ಛಾವಣಿಗಳಿದ್ದವು. 1903ರಲ್ಲಿ ಈ ಪಡೆಯನ್ನು ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಸೇರಿಸಿಬಿಟ್ಟರು. ಅದರ ಕುದುರೆ ಪಡೆಗಳಿಂದ 20ನೆಯ ಡೆಕ್ಕನ್ ಹಾರ್ಸ್ ಮುಂತಾದವು ಬಂದವು. ಕಾಲಾಳು ಪಡೆಗಳು 1922ರಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟಿಗೆ ಸೇರಿದವು. ಆ ರೆಜಿಮೆಂಟಿಗೆ 1945ರಲ್ಲಿ ಕುಮಾವೂನ್ ರೆಜಿಮೆಂಟ್ ಎಂದು ಹೆಸರು ಬದಲಾಯಿತು, ಅದರ ಕೇಂದ್ರ ಇಂದು ಹಿಮಾಲಯದ ರಾಣಿಖೇತದಲ್ಲಿದೆ. ದಖ್ಖನಿನ ಪಡೆಯ ಬೇರು ಈಗ ರಾಣಿಖೇತದಲ್ಲಿದೆ ಎಂದು ಯಾರು ಊಹಿಸುತ್ತಾರೆ?

ಇನ್ನೊಂದು ನಿಜಾಮರ ಸ್ವಂತ ಸೈನ್ಯ. ಅದರ ಲಾನ್ಸರ್ ಕುದುರೆ ಸವಾರರು ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಹೋಗಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಸೈನಿಕರ ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧಪುರ ಲಾನ್ಸರರ ನೆನಪಿಗೆ ನಿಂತಿವೆ. ಈ ಸ್ವಂತ ಸೈನ್ಯದ ಕಾಗದಗಳು ಹೈದರಾಬಾದಿನ ರಾಜ್ಯ ಪತ್ರಾಗಾರದ ಕಡೆಗೆ ಹೋದವು, ಹಳೆಯವು ಫಾರ್ಸಿಯಲ್ಲಿ, ಆಮೇಲಿನವು ಉರ್ದುವಿನಲ್ಲಿ. ಕಂಟಿಂಜೆಂಟಿನ ಕಾಗದಗಳು ಇಂಗ್ಲಿಷಿನಲ್ಲಿ, ದೆಹಲಿ ಮತ್ತು ಲಂಡನ್ ಕಡೆ. ಯಾವ ಪಡೆ ಎಂದು ತಿಳಿಯದೆ ಹೊರಟರೆ ತಪ್ಪು ಬಾಗಿಲು ಬಡಿಯುತ್ತೇವೆ.

ಮೂರನೆಯದು ಭೂಕಂಪ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ಕಡೆ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ. ಕಿಲ್ಲಾರಿ, ಸಾಸ್ತೂರು ಭಾಗದ ಕಲ್ಲು ಮಣ್ಣಿನ ಮನೆಗಳು ಜನರ ಮೇಲೆಯೇ ಕುಸಿದವು. ಹೆಸರುಗಳನ್ನು ಬಲ್ಲ ಹಿರಿಯರೂ ಹೋದರು, ಹೆಸರು ಬರೆದಿಟ್ಟ ಟ್ರಂಕುಗಳೂ ಹೋದವು. ನಾವು ಅಂದು ಹುಟ್ಟಿರಲಿಲ್ಲ. ಆದರೆ ಮನೆಮನೆಗೆ ಹೋಗಿ ‘ಹಳೆಯ ಕಾಗದ ಏನಾದರೂ ಇದೆಯೇ’ ಎಂದು ಕೇಳಿದಾಗ ಬಂದ ಉತ್ತರ ಹೆಚ್ಚಾಗಿ ಒಂದೇ: “ಎಲ್ಲ ಮಣ್ಣಾಯಿತು.” ಆ ಮಾತನ್ನು ಕೇಳಿ ಕೇಳಿ, ಉಳಿದ ಒಂದೊಂದು ಚೂರಿಗೂ ಎಷ್ಟು ಬೆಲೆ ಇದೆ ಎಂದು ನಮಗೆ ಅರ್ಥವಾಯಿತು.

ಆಯಿಯ ಮನೆಯಲ್ಲಿ ಸಿಕ್ಕದ್ದು

ಆಯಿಯ ಮನೆಯಲ್ಲಿ ಎರಡು ವಸ್ತುಗಳು ಉಳಿದಿದ್ದವು. ಕುಸಿದ ಮನೆಯ ಮಣ್ಣಿನಿಂದ ತೆಗೆದ ಒಂದು ಟ್ರಂಕಿನಲ್ಲಿ ಕಲೆಯಾದ ಒಂದು ಫೋಟೊ: ರುಮಾಲು ಸುತ್ತಿದ ತರುಣ ಒಂದು ಕುದುರೆಯ ಪಕ್ಕ ನಿಂತಿದ್ದಾನೆ. ಇನ್ನೊಂದು, ಮನೆಯ ಪ್ರಾರ್ಥನಾ ಪೀಠದಲ್ಲಿ ಸಂತ ಮಿಖಾಯೇಲರ ಚಿತ್ರದ ಪಕ್ಕ ತೂಗುಹಾಕಿದ್ದ ಕಂಚಿನ ಬಿಲ್ಲೆ. ಅದರ ಮೇಲೆ ರೆಕ್ಕೆಯ ಆಕೃತಿ ಇತ್ತು. ಮನೆಯವರು ಅದನ್ನು ದೇವದೂತನ ಪದಕ ಎಂದು ತಿಳಿದು ವರ್ಷಗಟ್ಟಲೆ ಅದರ ಮುಂದೆ ಮೇಣದಬತ್ತಿ ಹಚ್ಚಿದ್ದರು.

ಅದು ಮೊದಲನೆಯ ಮಹಾಯುದ್ಧದ ‘ವಿಕ್ಟರಿ ಮೆಡಲ್’. ರೆಕ್ಕೆಯವಳು ವಿಜಯದ ಸಂಕೇತ, ದೇವದೂತನಲ್ಲ. ಆ ಯುದ್ಧದ ಇಂಥ ಪದಕಗಳ ಅಂಚಿನಲ್ಲಿ, ಅಂದರೆ ದಪ್ಪಗಿನ ಬದಿಯಲ್ಲಿ, ಪಡೆದವನ ಸಂಖ್ಯೆ, ಹುದ್ದೆ, ಹೆಸರು, ಪಡೆ ಕೊರೆದಿರುತ್ತದೆ. ಮನೆಯವರು ಅದನ್ನು ನೂರು ಸಲ ಮುಟ್ಟಿದ್ದರು, ಅಂಚನ್ನು ಯಾರೂ ನೋಡಿರಲಿಲ್ಲ. ಪದಕವನ್ನು ಓರೆ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಸುತ್ತಲೂ ಫೋಟೊ ತೆಗೆದೆವು. ಅಸ್ಪಷ್ಟ ಅಕ್ಷರಗಳ ಮೇಲೆ ತೆಳುವಾದ ಕಾಗದ ಇಟ್ಟು ಮೆತ್ತನೆಯ ಪೆನ್ಸಿಲು ಉಜ್ಜಿದೆವು. ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಹೆಸರು ಬಂತು. ಪಡೆ ಬಂತು: 20 ಡೆಕ್ಕನ್ ಹಾರ್ಸ್. ಹುದ್ದೆಯೂ ಬಂತು: ‘ಸೈಸ್’.

ಸೈಸ್ ಎಂದರೆ ಕುದುರೆ ನೋಡಿಕೊಳ್ಳುವವನು. ರಿಸಾಲ್ದಾರನಲ್ಲ.

ಆ ಕಾಲದ ಹೆಚ್ಚಿನ ಕುದುರೆ ಪಡೆಗಳು ಸಿಲ್ಲೇದಾರಿ ಪದ್ಧತಿಯಲ್ಲಿ ನಡೆಯುತ್ತಿದ್ದವು. ಸವಾರನೇ ತನ್ನ ಕುದುರೆಗೆ, ಸಾಮಾನಿಗೆ ಹಣ ಹಾಕಿ ಸೇರುತ್ತಿದ್ದ. ಕುದುರೆಗಳಿಗೆ ಹುಲ್ಲು ಕೊಯ್ದು ತರುವ, ನೀರು ಕುಡಿಸುವ, ಮೈ ಉಜ್ಜುವ ಕೆಲಸ ಸೈಸರದು. ಅವರಿಗೆ ಸೈನ್ಯದಲ್ಲಿ ‘ಫಾಲೋವರ್’ ಎಂಬ ಹೆಸರು. ನೀರು ಹೊರುವ ಭಿಸ್ತಿ, ಅಡುಗೆಯ ಲಾಂಗ್ರಿ, ಗಾಯಾಳುಗಳನ್ನು ಹೊರುವವರು, ಹೇಸರಗತ್ತೆ ನಡೆಸುವವರು ಎಲ್ಲರೂ ಈ ಸಾಲಿನವರು. ಮೊದಲನೆಯ ಮಹಾಯುದ್ಧಕ್ಕೆ ಭಾರತದಿಂದ ಸೇರಿದ ಸುಮಾರು 14 ಲಕ್ಷ ಜನರಲ್ಲಿ 5 ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಬಂದೂಕು ಹಿಡಿಯದ ಕೆಲಸದವರು. ನಮ್ಮ ಹಳ್ಳಿಗಳ ಬಡ ಮನೆಗಳಿಂದ ಹೋದವರನ್ನು ಹುಡುಕುವಾಗ ಈ ಸಾಲನ್ನು ಮರೆಯಬಾರದು.

ಆಗ ಮತ್ತೆ ಫೋಟೊ ನೋಡಿದೆವು. ಆ ತರುಣನ ಸೊಂಟದಲ್ಲಿ ಕತ್ತಿ ಇಲ್ಲ, ತೋಳಿನ ಮೇಲೆ ಪಟ್ಟಿ ಇಲ್ಲ, ಕೈಯಲ್ಲಿರುವುದು ಕುದುರೆಯ ಹಗ್ಗ. ಎಲ್ಲವೂ ಮೊದಲಿನಿಂದ ಅಲ್ಲಿಯೇ ಇತ್ತು. ನಾವೆಲ್ಲ ಕುದುರೆ ನೋಡಿ ಸವಾರ ಅಂದುಕೊಂಡಿದ್ದೆವು.

ನಮ್ಮ ತಪ್ಪು

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಅಂಚಿನ ಹೆಸರು ಓದಿದ ಸಂತೋಷದಲ್ಲಿ, ಮನೆಗೆ ಬಂದಿದ್ದ ನೆಂಟರ ಮುಂದೆಯೇ ‘ರಿಸಾಲ್ದಾರ ಅಲ್ಲ, ಸೈಸ್’ ಎಂದು ಹೇಳಿಬಿಟ್ಟೆವು. ಆಯಿಯ ಮಗನ ಮುಖ ಸಣ್ಣದಾಯಿತು. “ಹಾಗಾದರೆ ನಮ್ಮ ಮುತ್ತ್ಯಾ ಕುದುರೆ ತೊಳೆಯುವವನೇ?” ಎಂದು ಕೇಳಿ, ಪದಕವನ್ನು ನಮ್ಮ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಎರಡು ಭಾನುವಾರ ಅವರು ನಮ್ಮೊಡನೆ ಮಾತಾಡಲಿಲ್ಲ. ಊರಿನಲ್ಲಿ ಮನೆತನದ ಮಾತು ಎಷ್ಟು ಭಾರದ್ದೆಂದು ಬಲ್ಲವರಿಗೆ ಅವರ ನೋವು ಅರ್ಥವಾದೀತು. ಯಾರ್ಯಾರೋ ಕೀಳಾಗಿ ಕಂಡ ಜನಕ್ಕೆ ‘ರಿಸಾಲ್ದಾರ’ ಎಂಬ ಒಂದು ಶಬ್ದ ನೂರು ವರ್ಷ ತಲೆ ಎತ್ತಿ ನಡೆಯಲು ಆಸರೆಯಾಗಿತ್ತು.

ಪಟ್ಟಿಯಲ್ಲಿ ‘ಸೈನಿಕ’ ಎಂದಷ್ಟೇ ಬರೆದು ಸುಮ್ಮನಾಗೋಣವೇ ಎಂದು ನಮ್ಮಲ್ಲಿ ಚರ್ಚೆಯಾಯಿತು. ಕೆಲವರು ಹೌದು ಅಂದರು. ವಿಜ್ಞಾನ ಓದಿದ ನಮ್ಮಲ್ಲಿ ಕೆಲವರಿಗೆ ಅದು ಒಪ್ಪಿಗೆಯಾಗಲಿಲ್ಲ. ಪ್ರಯೋಗಾಲಯದಲ್ಲಿ ಬಂದ ಅಂಕಿ ಬೇಕಾದ ಅಂಕಿಯಲ್ಲ ಎಂದು ತಿದ್ದುವಂತಿಲ್ಲವಲ್ಲ. ಆಗ ಗುರುಗಳು ಯೂದ ಮಕ್ಕಬಿಯನ ಭಾಗವನ್ನು ಮತ್ತೊಮ್ಮೆ ಓದಿಸಿದರು. ನಾವು ಸಿಕ್ಕದ್ದನ್ನು ಒಪ್ಪುವ ಎರಡನೆಯ ಹೆಜ್ಜೆ ಇಟ್ಟಿದ್ದೆವು, ಪ್ರೀತಿಯಿಂದ ಇಟ್ಟಿರಲಿಲ್ಲ. ನಾವು ಮೂವರು ಹೋಗಿ ಆ ಮಗನ ಕ್ಷಮೆ ಕೇಳಿದೆವು.

ಮಾತು ತಿರುಗಿದ್ದು ಆಯಿಯಿಂದ. ನಮ್ಮ ಮಾತು ಕೇಳುತ್ತಾ ಕುಳಿತಿದ್ದವರು ನಡುವೆ ಅಂದರು: “ಎತ್ತಿಗೆ ನೀರು ಕುಡಿಸದೆ ಮನೆಯಲ್ಲಿ ಯಾರನ್ನೂ ಊಟಕ್ಕೆ ಕೂಡಲು ಬಿಡುತ್ತಿರಲಿಲ್ಲ ಅಂತ ನಮ್ಮತ್ತಿ ಹೇಳುತ್ತಿದ್ದಳು. ಮುತ್ತ್ಯಾನ ರೂಢಿ ಅದು ಅಂತ.” ಆ ಮನೆಯಲ್ಲಿ ಇಂದಿಗೂ ದನಕ್ಕೆ ನೀರು ಕುಡಿಸಿಯೇ ಊಟಕ್ಕೆ ಕೂಡುತ್ತಾರೆ. ಯಾಕೆಂದು ಯಾರೂ ಯೋಚಿಸಿರಲಿಲ್ಲ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹೋಗಿ ಪದಕ ತಂದು ಮೇಜಿನ ಮೇಲಿಟ್ಟರು.

ಹೆಸರು ಅವರದೇ ಎಂದು ಖಚಿತಪಡಿಸಲು ಇನ್ನೊಂದು ಸಾಕ್ಷಿ ಬೇಕಿತ್ತು. ಮನೆಯಲ್ಲಿದ್ದ ಹೊಲದ ಹಳೆಯ ಉರ್ದು ಕಾಗದದ ನಕಲನ್ನು ನಮ್ಮ ಓಣಿಯ ಒಬ್ಬ ಮುಸ್ಲಿಂ ಹಿರಿಯರು ಓದಿಕೊಟ್ಟರು. ಅಂಚಿನ ಮೇಲಿನ ಹೆಸರೇ ಅಲ್ಲಿ ಆಯಿಯ ಮಾವನ ತಂದೆಯ ಹೆಸರಾಗಿ ಇತ್ತು. ಕಾಗದದ ಮೇಲೆ 1326 ಎಂಬ ವರ್ಷ ಇತ್ತು. ಗಾಬರಿಯಾಗಬೇಡಿ, ಅದು ಫಸಲಿ ವರ್ಷ. ನಿಜಾಮರ ಆಡಳಿತದಲ್ಲಿ ಈ ಲೆಕ್ಕ ನಡೆಯುತ್ತಿತ್ತು. ಅದಕ್ಕೆ 590 ಕೂಡಿಸಿದರೆ ನಮ್ಮ ವರ್ಷ ಸಿಗುತ್ತದೆ. ಫಸಲಿ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುವುದರಿಂದ 1326 ಎಂದರೆ 1916ರ ಕೊನೆಯಿಂದ 1917ರ ನಡುವೆ.

ಇಂಗ್ಲಿಷ್ ಅಕ್ಷರದ ಪದಕ, ಉರ್ದು ಕಾಗದ, ಕನ್ನಡದಲ್ಲಿ ಆಯಿಯ ನೆನಪು, ಮರಾಠಿಯಲ್ಲಿ ಇಂದಿನ ಹೊಲದ ದಾಖಲೆ. ಒಬ್ಬ ಮನುಷ್ಯನ ಹೆಸರು ಕಂಡುಹಿಡಿಯಲು ನಾಲ್ಕು ಭಾಷೆಗಳು ಬೇಕಾದವು. ನಮ್ಮ ಧರ್ಮಪ್ರಾಂತ್ಯದಲ್ಲಿ ಭಾಷೆ ಹಲವು ಎಂದು ನಾವು ಕೆಲವೊಮ್ಮೆ ಗೊಣಗುತ್ತೇವೆ. ಈ ಕೆಲಸದಲ್ಲಿ ಒಂದು ಭಾಷೆಯವರು ಕೈಬಿಟ್ಟಿದ್ದರೂ ಮುತ್ತ್ಯಾ ಹೆಸರಿಲ್ಲದೆಯೇ ಉಳಿಯುತ್ತಿದ್ದರು.

ಅಮಿಯೆನ್ಸ್ ಮತ್ತು ಸಂತ ಮಾರ್ಟಿನರು

20ನೆಯ ಡೆಕ್ಕನ್ ಹಾರ್ಸ್ 1914ರಲ್ಲಿ ಸಿಕಂದರಾಬಾದ್ ಕುದುರೆ ದಳದೊಂದಿಗೆ ಫ್ರಾನ್ಸಿಗೆ ಹೋಯಿತು. 1916ರ ಜುಲೈ 14ರಂದು ಸೊಮ್ಮ್ ಯುದ್ಧದಲ್ಲಿ ‘ಹೈ ವುಡ್’ ಎಂಬ ಕಾಡಿನ ಬಳಿ, ಬ್ರಿಟಿಷ್ ಕುದುರೆ ಪಡೆಯೊಂದರ ಜೊತೆಗೆ ಇದರ ಸವಾರರು ಭರ್ಜಿ ಹಿಡಿದು ನುಗ್ಗಿದರು. ಎದುರಿಗೆ ಮಶಿನ್‌ಗನ್ನುಗಳಿದ್ದ ಯುದ್ಧ ಅದು. 1918ರಲ್ಲಿ ಈ ಪಡೆ ಪ್ಯಾಲೆಸ್ಟೈನಿಗೆ ಹೋಯಿತು. ಇಂದು ‘ಡೆಕ್ಕನ್ ಹಾರ್ಸ್’ ಭಾರತೀಯ ಸೈನ್ಯದ ಟ್ಯಾಂಕ್ ರೆಜಿಮೆಂಟ್.

ಹೈ ವುಡ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಅಮಿಯೆನ್ಸ್ ಪಟ್ಟಣವಿದೆ. ಕಥೆ ನಮಗೆ ಗೊತ್ತಿರುವುದೇ: ರೋಮಿನ ಸೈನ್ಯದಲ್ಲಿದ್ದ ತರುಣ ಮಾರ್ಟಿನರು ಆ ಊರ ಬಾಗಿಲಲ್ಲಿ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಕತ್ತಿಯಿಂದ ಎರಡು ಭಾಗ ಮಾಡಿ ಅರ್ಧ ಕೊಟ್ಟರು. ಆ ರಾತ್ರಿ ಕನಸಿನಲ್ಲಿ ಕ್ರಿಸ್ತನೇ ಆ ಅರ್ಧ ಅಂಗಿ ತೊಟ್ಟಿದ್ದನ್ನು ಕಂಡರು. ಮುಂದೆ ಸೈನ್ಯ ಬಿಟ್ಟು, ತೂರ್ ಪಟ್ಟಣದ ಬಿಷಪರಾದರು. 397ರ ನವೆಂಬರ್ 11ರಂದು ಅವರನ್ನು ಸಮಾಧಿ ಮಾಡಲಾಯಿತು. ಅದೇ ದಿನ ಅವರ ಹಬ್ಬ. 1918ರಲ್ಲಿ ಮೊದಲನೆಯ ಮಹಾಯುದ್ಧ ನಿಂತದ್ದೂ ನವೆಂಬರ್ 11ರಂದೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಮುತ್ತ್ಯಾ ಆ ದಿನ ಹೈ ವುಡ್ ಬಳಿ ಇದ್ದರು ಎಂದು ನಾವು ಬರೆಯುವುದಿಲ್ಲ. ಪಡೆಯ ಕಥೆ ಬೇರೆ, ಪಡೆಯಲ್ಲಿದ್ದ ಒಬ್ಬನ ಕಥೆ ಬೇರೆ. ಆ ಪಡೆಯ ದಿನಚರಿ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅಂಥ ದಿನಚರಿಗಳಲ್ಲಿ ಊರು, ದಿನಾಂಕ, ಅಧಿಕಾರಿಗಳ ಹೆಸರು ಬರುತ್ತವೆ, ಸೈಸರ ಹೆಸರು ಬರುವುದು ಅಪರೂಪ. ಪದಕ ಹೇಳುವುದು ಇಷ್ಟು: ಇವರು ಆ ಪಡೆಯವರು, ಯುದ್ಧದ ನೆಲಕ್ಕೆ ಹೋದವರು. ಅಷ್ಟನ್ನೇ ನಾವು ಹೇಳುತ್ತೇವೆ.

ಹೆಸರಿನ ಬದಲು ಸಂಖ್ಯೆ

ಆ ಯುದ್ಧದಲ್ಲಿ ಸತ್ತ ಭಾರತೀಯರು ಸುಮಾರು 74,000. ಫ್ರಾನ್ಸಿನ ನವ್-ಶಾಪೆಲ್ ಸ್ಮಾರಕದಲ್ಲಿ, ಸಮಾಧಿ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೊರೆದಿದ್ದಾರೆ. ಆದರೆ ಇರಾಕಿನ ಬಸ್ರಾ ಸ್ಮಾರಕದ ಗೋಡೆಯ ಮೇಲೆ ಅಧಿಕಾರಿಗಳ ಹೆಸರು ಬಂದವು, ಸಾಮಾನ್ಯ ಭಾರತೀಯ ಸೈನಿಕರು ಪಡೆಯ ಹೆಸರಿನ ಕೆಳಗೆ ಒಂದು ಸಂಖ್ಯೆಯಾದರು. ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರಲ್ಲಿ ವರದಿ ಪ್ರಕಟಿಸಿ, ಏಷ್ಯಾ ಮತ್ತು ಆಫ್ರಿಕಾದ ಸಾವಿರಾರು ಸೈನಿಕರನ್ನು ಸಮಾನವಾಗಿ ನೆನೆಯಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು.

ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವೆಲ್ಲ ಒಬ್ಬ ಸೈನಿಕನ ಮಾತನ್ನು ನಮ್ಮ ಮಾತಾಗಿ ಹೇಳುತ್ತೇವೆ. ತನ್ನ ಮನೆಗೆ ಪ್ರಭು ಬರಲು ತಾನು ಯೋಗ್ಯನಲ್ಲ, ಒಂದು ಮಾತು ಸಾಕು ಎಂದ ಆ ಶತಾಧಿಪತಿ. ಶುಭಸಂದೇಶದಲ್ಲಿ ಅವನ ಹೆಸರೇ ಇಲ್ಲ, ಪ್ರಭು ಅವನ ವಿಶ್ವಾಸವನ್ನು ಮಾತ್ರ ಮೆಚ್ಚಿದರು. ದೇವರು ಯಾರ ಹೆಸರನ್ನೂ ಮರೆಯುವವರಲ್ಲ. ಹಾಗಿದ್ದರೆ ನಾವು ಯಾಕೆ ಹುಡುಕಬೇಕು? ಮರೆತವರು ನಾವು, ಅದಕ್ಕೆ.

ಯಾರೂ ಹೇಳದ ಕಥೆಗಳು

ನಮ್ಮ ಭಾಗದಲ್ಲಿ ಇನ್ನೊಂದು ಬಗೆಯ ಮೌನ ಇದೆ. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೈನ್ಯ ಸೋಲಾಪುರದ ಕಡೆಯಿಂದ ನಳದುರ್ಗಕ್ಕೆ ಬಂತು, ಅಲ್ಲಿಂದ ಉಮರ್ಗಾ ದಾರಿಯಲ್ಲಿ ಮುಂದೆ ಸಾಗಿತು. ಐದನೆಯ ದಿನಕ್ಕೆ ನಿಜಾಮರು ಮಣಿದರು. ಆಗ ನಮ್ಮ ಊರುಗಳಲ್ಲಿ ಒಬ್ಬರ ಮುತ್ತ್ಯಾ ಭಾರತೀಯ ಸೈನ್ಯದಲ್ಲಿದ್ದರು, ಮತ್ತೊಬ್ಬರ ಮುತ್ತ್ಯಾ ನಿಜಾಮರ ಸೈನ್ಯದಲ್ಲಿದ್ದರು. ಮೊದಲಿನವರ ಫೋಟೊ ಗೋಡೆಯ ಮೇಲಿದೆ, ಎರಡನೆಯವರದು ಟ್ರಂಕಿನ ತಳದಲ್ಲಿದೆ. ಹೊಟ್ಟೆಪಾಡಿಗೆ ಸೇರಿದವರೂ ಇದ್ದರು, ಜನರಿಗೆ ತೊಂದರೆ ಕೊಟ್ಟವರೂ ಇದ್ದಿರಬಹುದು. ಆ ದಿನಗಳಲ್ಲಿ ಎರಡೂ ಕಡೆಯ ಮನೆಗಳಲ್ಲಿ ಕಣ್ಣೀರು ಹರಿಯಿತು.

ಇಂಥ ಮನೆಗೆ ಹೋಗಿ ನ್ಯಾಯಾಧೀಶರಂತೆ ಕೂಡಬೇಡಿ. ತಾಯಿತ ಸಿಕ್ಕ ಮೇಲೂ ಯೂದನು ಬಲಿ ಅರ್ಪಿಸಿದ ಎಂಬುದನ್ನು ನೆನೆಯಿರಿ. ತಪ್ಪು ಕಂಡರೆ ಆ ಹೆಸರಿಗೆ ಪ್ರಾರ್ಥನೆ ಇನ್ನೂ ಹೆಚ್ಚು ಬೇಕು.

ನೀವು ಹೇಗೆ ಆರಂಭಿಸಬಹುದು?

1. ಮೊದಲು ಮನೆಯ ಹಿರಿಯರನ್ನು ಕೇಳಿ. ‘ಅವರು ಯಾವ ರೆಜಿಮೆಂಟ್’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಯಾವ ಊರಿಂದ ಮನಿಆರ್ಡರ್ ಬರುತ್ತಿತ್ತು? ಬರುವಾಗ ಏನು ತಂದರು? ಯಾವ ಮಾತು ಪದೇ ಪದೇ ಆಡುತ್ತಿದ್ದರು?’ ಎಂದು ಕೇಳಿ. ಅವರ ಒಪ್ಪಿಗೆ ಪಡೆದು ದನಿ ಮುದ್ರಿಸಿಕೊಳ್ಳಿ. ಇದನ್ನು ಮುಂದಿನ ವರ್ಷಕ್ಕೆ ಬಿಡಬೇಡಿ.

2. ವಸ್ತುಗಳನ್ನು ನೋಡಿ: ಪದಕ, ಗುಂಡಿ, ಬಿಲ್ಲೆ, ಪಿಂಚಣಿ ಪುಸ್ತಕ, ಫೋಟೊದ ಹಿಂಬದಿ. ಪದಕವನ್ನು ಹುಣಸೆಹಣ್ಣು, ಬೂದಿ, ಪಾಲಿಶ್ ಹಾಕಿ ತಿಕ್ಕಬೇಡಿ. ಹುಣಸೆಯ ಹುಳಿ ಲೋಹದ ಮೇಲ್ಪದರವನ್ನು ತಿನ್ನುತ್ತದೆ, ಬೂದಿ ಸವೆಸುತ್ತದೆ, ಹೊಳಪಿನ ಜೊತೆಗೆ ಹೆಸರೂ ಹೋಗುತ್ತದೆ.

3. ಎರಡು ಮಹಾಯುದ್ಧಗಳಲ್ಲಿ ಸತ್ತವರನ್ನು ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹಣ ಕೊಡದೆ ಹುಡುಕಬಹುದು. ಎಷ್ಟೋ ಕಡೆ ತಂದೆಯ ಹೆಸರು, ಊರು, ಜಿಲ್ಲೆಯೂ ಇರುತ್ತದೆ. ಹೆಸರಿನ ಕಾಗುಣಿತವನ್ನು ನಾಲ್ಕೈದು ರೀತಿಯಲ್ಲಿ ಹಾಕಿ ನೋಡಿ, ಇಂಗ್ಲಿಷಿನ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಮರಳಿ ಬಂದವರು ಅಲ್ಲಿ ಇರುವುದಿಲ್ಲ. ಆದ್ದರಿಂದ ಸಿಗಲಿಲ್ಲ ಎಂದರೆ ಇರಲಿಲ್ಲ ಎಂದಲ್ಲ.

4. ಸ್ವಾತಂತ್ರ್ಯದ ನಂತರ ಸೇವೆ ಮಾಡಿದವರ ಬಗ್ಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಪ್ರತಿ ರೆಜಿಮೆಂಟಿಗೂ ದಾಖಲೆ ಕಚೇರಿ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲಿ, ಮದ್ರಾಸ್ ಇಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ. ಸೇವಾ ಸಂಖ್ಯೆ ಇದ್ದರೆ ಅರ್ಧ ಕೆಲಸ ಆದಂತೆ. ಹತ್ತಿರದ ವಾರಸುದಾರರೇ ಅರ್ಜಿ ಬರೆಯುವುದು ಒಳ್ಳೆಯದು.

5. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರವು ಅಭಿಲೇಖ ಪಟಲ ಎಂಬ ಜಾಲತಾಣದಲ್ಲಿ ಬಹಳಷ್ಟು ಹಳೆಯ ಕಡತಗಳನ್ನು ತೆರೆದಿಟ್ಟಿದೆ.

6. ದೇವಾಲಯದ ದಫ್ತರಗಳನ್ನು ಮರೆಯಬೇಡಿ. ಜ್ಞಾನಸ್ನಾನ, ವಿವಾಹ, ಮರಣ ಪುಸ್ತಕಗಳನ್ನು ಇಡಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿ ಪ್ರತಿ ಧರ್ಮಕೇಂದ್ರಕ್ಕೂ ಹೇಳುತ್ತದೆ. ಹಳೆಯ ಛಾವಣಿ ಊರುಗಳ ಪುಸ್ತಕಗಳು ಲ್ಯಾಟಿನ್ನಿನಲ್ಲಿರಬಹುದು. ಅಲ್ಲಿ ‘ಮಿಲೆಸ್’ ಎಂದರೆ ಸೈನಿಕ. ಗುರುಗಳ ಅನುಮತಿಯಿಂದ, ಅವರ ಎದುರಿನಲ್ಲೇ ನೋಡಬೇಕು.

7. ಬರೆಯುವಾಗ ಮೂರು ಕಾಲಂ ಮಾಡಿ: ಮನೆಯವರು ಹೇಳಿದ್ದು, ಕಾಗದ ಅಥವಾ ವಸ್ತು ಹೇಳಿದ್ದು, ನಾವು ಊಹಿಸಿದ್ದು. ಮೂರನ್ನೂ ಬೆರೆಸಬೇಡಿ. ಮನೆಯವರು ಒಪ್ಪದೆ ಯಾರ ಮುಂದೆಯೂ ಹೇಳಬೇಡಿ. ಇದನ್ನು ನಾವು ಪೆಟ್ಟು ತಿಂದು ಕಲಿತೆವು.

ಗುಂಪು ಚರ್ಚೆಗೆ

ಈ ತಿಂಗಳ ಯುವಜನರ ಸಭೆಯಲ್ಲಿ ಹಾಗೂ ಕುಟುಂಬ ಪ್ರಾರ್ಥನೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸೋಣ.

- ನಮ್ಮ ತಾಯಿಯ ತಾಯಿ, ಅವರ ತಾಯಿ, ಇವರ ಹೆಸರುಗಳು ನಮಗೆ ಗೊತ್ತೇ? ಎಲ್ಲಿಗೆ ನಿಲ್ಲುತ್ತೇವೆ?
- ನಮ್ಮ ಮನೆಯ ಹೆಮ್ಮೆಯ ಒಂದು ಕಥೆ ಸುಳ್ಳೆಂದು ತಿಳಿದರೆ ನಾವು ಏನು ಮಾಡುತ್ತೇವೆ?
- ಕುದುರೆ ನೋಡಿಕೊಂಡವನು, ನೀರು ಹೊತ್ತವನು, ಅಡುಗೆ ಮಾಡಿದವನು: ಇಂದು ನಮ್ಮ ಧರ್ಮಕೇಂದ್ರದಲ್ಲಿ ಇಂಥ ಸೇವೆ ಮಾಡುವವರು ಯಾರು? ಅವರ ಹೆಸರು ನಮಗೆ ಗೊತ್ತೇ?

ಕೊನೆಯದಾಗಿ

ಆಯಿಯ ಮುತ್ತ್ಯಾ ಜ್ಞಾನಸ್ನಾನ ಪಡೆದವರಲ್ಲ. ಆ ಮನೆ ವಿಶ್ವಾಸಕ್ಕೆ ಬಂದದ್ದು ಮುಂದಿನ ತಲೆಮಾರಿನಲ್ಲಿ. ಅವರ ಹೆಸರನ್ನು ಓದಬಹುದೇ ಎಂದು ಮಗ ಸಂಕೋಚದಿಂದ ಕೇಳಿದರು. ಓದಬಹುದು. ಪ್ರಾಮಾಣಿಕ ಮನಸ್ಸಿನಿಂದ ಬದುಕಿದ ಎಲ್ಲ ಮೃತರಿಗಾಗಿಯೂ ಧರ್ಮಸಭೆ ಪ್ರತಿ ಬಲಿಪೂಜೆಯಲ್ಲಿ ಪ್ರಾರ್ಥಿಸುತ್ತದೆ ಎಂದು ಗುರುಗಳು ತಿಳಿಸಿದರು.

ಮನೆಯವರ ಇಚ್ಛೆಯಂತೆ ಆ ಹೆಸರನ್ನು ನಾವು ಇಲ್ಲಿ ಮುದ್ರಿಸಿಲ್ಲ. ಈ ನವೆಂಬರಿನ ಚೀಟಿಯನ್ನು ಮಗನೇ ಬರೆದು ಪೆಟ್ಟಿಗೆಗೆ ಹಾಕಿದ್ದಾರೆ. ಪೂರ್ತಿ ಹೆಸರು, ತಂದೆಯ ಹೆಸರು, ಊರು, ಅದರ ಕೆಳಗೆ ಅವರ ಕೈಯಿಂದಲೇ ಇನ್ನೊಂದು ಸಾಲು: ‘ಸೈಸ್, 20 ಡೆಕ್ಕನ್ ಹಾರ್ಸ್’. ಬಲಿಪೂಜೆಯಲ್ಲಿ ಅದನ್ನು ಹಾಗೆಯೇ ಓದುತ್ತೇವೆ.

ನಿಮ್ಮ ಮನೆಯ ಚೀಟಿಯಲ್ಲಿ ಹೆಸರಿನ ಜಾಗ ಖಾಲಿ ಇದ್ದರೆ ನಾಚಬೇಡಿ. ಖಾಲಿ ಚೀಟಿಯನ್ನೇ ತಂದುಕೊಡಿ. ಭಾನುವಾರ ಪೂಜೆಯ ನಂತರ ನಾವು ಸಭಾಂಗಣದಲ್ಲಿ ಕುಳಿತಿರುತ್ತೇವೆ. ಕೂಡಿ ಹುಡುಕೋಣ.

ಪ್ರಾರ್ಥಿಸೋಣ: ಪ್ರಭುವೇ, ಹೊಟ್ಟೆಪಾಡಿಗೆ, ಕರ್ತವ್ಯಕ್ಕೆ, ಬೇರೆ ದಾರಿ ಇಲ್ಲದೆ ಮನೆ ಬಿಟ್ಟು ಯುದ್ಧಕ್ಕೆ ಹೋದ ನಮ್ಮ ಹಿರಿಯರನ್ನು ನೆನೆಯಿರಿ. ಮರಳಿದವರನ್ನೂ ಮರಳದವರನ್ನೂ, ಹೆಸರು ತಿಳಿದವರನ್ನೂ ತಿಳಿಯದವರನ್ನೂ ನಿಮ್ಮ ಶಾಂತಿಯಲ್ಲಿ ಸೇರಿಸಿಕೊಳ್ಳಿರಿ. ಅವರ ಬಗ್ಗೆ ನಿಜವನ್ನು ಹುಡುಕುವ ಧೈರ್ಯವನ್ನೂ, ಸಿಕ್ಕ ನಿಜವನ್ನು ಪ್ರೀತಿಯಿಂದ ಹೇಳುವ ಬುದ್ಧಿಯನ್ನೂ ನಮಗೆ ಕೊಡಿರಿ. ಆಮೆನ್.